ಗೊಂಬೆ ಕಣ್ಣು ಮಿಟುಕಿಸುತ್ತಾ?

ಮಿಟುಕಿಸುತ್ತದೆ. ಉಸಿರಾಡುತ್ತದೆ, ನಾಡಿ ಬಡಿಯುತ್ತದೆ, ದುಬಾರಿಯದ್ದಾದರೆ ಬೆವರುತ್ತದೆ ಕೂಡ. ಸಾಕಾ?

ಆಸ್ಪತ್ರೆ ತಂಡಗಳಿಗೆ ತುರ್ತು ಚಿಕಿತ್ಸೆಯ ಸಿಮ್ಯುಲೇಶನ್ ತರಬೇತಿ, ಅಂದರೆ ರೋಗಿಯ ಬದಲು ಗೊಂಬೆ ಇಟ್ಟು ಅಭ್ಯಾಸ ಮಾಡಿಸುವುದು ನನ್ನ ಕೆಲಸ. ಹಾಗಂದ ಕೂಡಲೇ ಬರುವುದು ಒಂದೇ ಪ್ರಶ್ನೆ: "ಗೊಂಬೆ ನಿಜವಾದ ರೋಗಿ ಥರಾನೇ ಇರುತ್ತಾ?" ಕೆಲವರು "ಗೊಂಬೆ ಆಟಕ್ಕೆ ಸಂಬಳಾನೂ ಕೊಡ್ತಾರಾ?" ಅಂತ ನಗುತ್ತಾರೆ. ಕೊಡುತ್ತಾರೆ ಸ್ವಾಮಿ. 1960ರಲ್ಲಿ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ, ಉಸಿರು ಕೊಡುವುದು) ಕಲಿಸಲು ರೆಸಸಿ ಆನ್ ಗೊಂಬೆ ತಂದ ನಾರ್ವೆಯ ಆಸ್ಮುಂಡ್ ಲೇರ್ಡಾಲ್ ಕೂಡ ಆಟಿಕೆ ಮಾಡುತ್ತಿದ್ದವರೇ.

ಗೊಂಬೆಯಿಂದ ನನಗೆ ಬೇಕಾದದ್ದು ಸ್ವಲ್ಪವೇ. ಒತ್ತಿದರೆ ಎದೆ ಐದಾರು ಸೆಂಟಿಮೀಟರ್ ಇಳಿಯಬೇಕು, ಬಿಟ್ಟರೆ ಪೂರ್ತಿ ಮೇಲೇಳಬೇಕು. ಚರ್ಮದ ಬಣ್ಣ, ರೆಪ್ಪೆಗೂದಲು ಎಲ್ಲ ಆಮೇಲೆ.

ಒಮ್ಮೆ ಒಂದು ವಾರ್ಡಿನಲ್ಲೇ ಡ್ರಿಲ್ ಇಟ್ಟಿದ್ದೆ, ರೋಗಿಯ ಹೃದಯ ನಿಂತಿದೆ ಅಂತ. ಗೊಂಬೆಗೆ ತಲೆ, ಎದೆ ಬಿಟ್ಟರೆ ಏನೂ ಇಲ್ಲ. ಪಕ್ಕದಲ್ಲಿ ಐವಿ ಲೈನ್ (ರಕ್ತನಾಳಕ್ಕೆ ಔಷಧಿ ಹಾಕುವ ನಳಿಕೆ) ಹಾಕಿದ ರಬ್ಬರ್ ತೋಳು. ಹಿರಿಯ ಡಾಕ್ಟರೊಬ್ಬರು "ಅಡ್ರಿನಲಿನ್ 1 ಮಿ.ಗ್ರಾಂ ಕೊಟ್ಟೆ" ಅಂತ ಆ ತುರ್ತು ಔಷಧಿಯನ್ನು ಬರೀ ಬಾಯಿಮಾತಲ್ಲೇ ಕೊಟ್ಟುಬಿಟ್ಟರು. "ಸಿರಿಂಜ್ ತೋರಿಸಿ" ಅಂದೆ. ಅವರಿಗೆ ಸಿಟ್ಟು ಬಂತು. ಬರಲಿ. ಡ್ರಾಯರ್ ಎಳೆಯಬೇಕು, ಔಷಧಿಯ ಪುಟ್ಟ ಗಾಜಿನ ಆಂಪೂಲ್ ಹುಡುಕಬೇಕು, ಅದರ ಕತ್ತು ಮುರಿಯಬೇಕು, ಔಷಧಿ ಎಳೆದು ಲೈನಿಗೆ ಹಾಕಿ, ಹಿಂದೆಯೇ ಸಲೈನ್ ಬಿಟ್ಟು ಅದನ್ನು ಒಳಗೆ ತಳ್ಳಬೇಕು. ಬಾಯಲ್ಲಿ ಇದಕ್ಕೆಲ್ಲ ಒಂದು ಸೆಕೆಂಡ್ ಸಾಕು, ಅಲ್ವಾ?

ಎಲ್ಲರ ಕಣ್ಣು ಡ್ರಾಯರ್ ಮೇಲೆ. ಎದೆ ಒತ್ತುತ್ತಿದ್ದ ಹುಡುಗನೂ ಕೈ ನಿಲ್ಲಿಸಿ ಅತ್ತಲೇ ನೋಡುತ್ತಾ ನಿಂತ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕಾದ ಕೈ ಅದು. ಗೊಂಬೆ ಬೆವರುವ ಮಾಡೆಲ್ ಅಲ್ಲ, ಆದರೆ ಡಾಕ್ಟರ್ ಚೆನ್ನಾಗಿ ಬೆವರಿದರು.

ಗೊಂಬೆ ಬಗ್ಗೆ ಕೇಳುವ ಬದಲು "ಅಲ್ಲಿ ಯಾರು ಸುಮ್ಮನಿದ್ದರು?" ಅಂತ ಯಾರಾದರೂ ಕೇಳಬಾರದಾ? ಡ್ರಿಲ್ ಮುಗಿದ ಮೇಲೆ ಕೂತು ಮಾತಾಡುವಾಗ ಒಬ್ಬ ನರ್ಸ್ ಮೆಲ್ಲಗೆ ಹೇಳಿದರು: "ಒತ್ತೋದು ನಿಂತಿದ್ದು ಕಾಣಿಸಿತು. ಸರ್ ಸಿಟ್ಟಲ್ಲಿದ್ರು, ಅದಕ್ಕೆ ಹೇಳಲಿಲ್ಲ." ಆ ಹೆದರಿಕೆ ಅಸಲಿ. ಯಾವ ಕಂಪನಿಯ ಗೊಂಬೆಯಲ್ಲೂ ಅದು ಬರುವುದಿಲ್ಲ. ಅದು ಬರಬೇಕಾದರೆ ಆ 'ಸರ್' ಅಲ್ಲಿರಬೇಕು. ಅದಕ್ಕೇ ಆಸ್ಪತ್ರೆಯವರನ್ನು ನಾನು ಕೇಳುವುದು ಇಷ್ಟೇ: ದಿನಾ ಒಟ್ಟಿಗೆ ಕೆಲಸ ಮಾಡುವ ತಂಡವನ್ನೇ ಕಳಿಸಿ, ಹಿರಿಯರನ್ನೂ ಸೇರಿಸಿ. "ಅವರು ಬಿಜಿ, ಹೊಸಬರನ್ನ ಕಳಿಸ್ತೀವಿ" ಅನ್ನುತ್ತಾರೆ. ಆಮೇಲೆ ಇನ್ನೂ ಒಳ್ಳೆಯ ಗೊಂಬೆಯ ಕ್ಯಾಟಲಾಗ್ ಕೇಳುತ್ತಾರೆ.