ಬೆಳಕಲ್ಲೇ ಬ್ಯಾಕ್ಟೀರಿಯಾ ಹಿಡಿಯೋದು

ದಾವಣಗೆರೆಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇರುವುದು ಮಾಮೂಲಿ ಮೈಕ್ರೋಸ್ಕೋಪ್. ಕೆರೆ ನೀರಿನ ಹನಿ ಇಟ್ಟರೆ ಒಳಗಿನ ಜೀವಿಗಳು ನಿಲ್ಲೋದೇ ಇಲ್ಲ, ನೋಡ್ತಾ ಇದ್ದ ಹಾಗೇ ಓಡಿ ಹೋಗುತ್ತವೆ. "ಸರ್, ಇವನ್ನ ಹಿಡಿದು ನಿಲ್ಲಿಸೋಕೆ ಆಗಲ್ವಾ?" ಅಂತ ಬಿಎಸ್ಸಿ ಹುಡುಗಿಯೊಬ್ಬಳು ಕೇಳಿದಳು. ಆಗುತ್ತೆ, ಲೇಸರ್ ಬೆಳಕಿನಿಂದ!

ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದ ವಿಜ್ಞಾನಿ ಆರ್ಥರ್ ಆಶ್ಕಿನ್ 1970ರಲ್ಲೇ ಲೇಸರ್‌ನಿಂದ ಪುಟಾಣಿ ಮಣಿಗಳನ್ನು ತಳ್ಳಿ ತೋರಿಸಿದ್ದರು. 1986ರಲ್ಲಿ ಒಂದೇ ಕಿರಣದಿಂದ ಹಿಡಿದಿಡುವುದೂ ಸಾಧ್ಯವಾಯಿತು. ಮೈಕ್ರೋಸ್ಕೋಪಿನ ಮಸೂರದಿಂದಲೇ ಲೇಸರನ್ನು ಒಂದು ಚುಕ್ಕೆಗೆ ಕೂಡಿಸುತ್ತಾರೆ. ಜೀವಕೋಶದೊಳಗೆ ಹಾದು ಹೋಗುವಾಗ ಬೆಳಕು ಬಾಗುತ್ತದೆ, ಅದು ಒಂದು ಕಡೆ ಬಾಗಿದರೆ ಕೋಶ ಇನ್ನೊಂದು ಕಡೆಗೆ ತಳ್ಳಿಸಿಕೊಳ್ಳುತ್ತದೆ, ಕೊನೆಗೆ ಎಲ್ಲ ಸೇರಿ ಬೆಳಕು ಜಾಸ್ತಿ ಇರುವ ಆ ಚುಕ್ಕೆಯ ಹತ್ತಿರವೇ ಬಂದು ನಿಲ್ಲುತ್ತದೆ. ಬಲ ಬರೀ ಕೆಲವು ಪಿಕೋನ್ಯೂಟನ್ (ಒಂದು ಪಿಕೋನ್ಯೂಟನ್ ಅಂದ್ರೆ ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಒಂದು ಪಾಲು). ಬ್ಯಾಕ್ಟೀರಿಯಾಗೆ ಅಷ್ಟು ಸಾಕು. ಚುಕ್ಕೆ ಸರಿಸಿದರೆ ಅದೂ ಜೊತೆಗೇ ಬರುತ್ತದೆ.

ಸುಟ್ಟು ಹೋಗಲ್ವಾ? ಹಸಿರು ಲೇಸರ್‌ನಲ್ಲಿ ಸಾಯ್ತಾ ಇದ್ದವು. 1987ರಲ್ಲಿ ಆಶ್ಕಿನ್ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಲೇಸರ್ ಹಾಕಿದ ಮೇಲೆ ಬ್ಯಾಕ್ಟೀರಿಯಾ, ಯೀಸ್ಟ್ ಎರಡೂ ಹಿಡಿತದೊಳಗೇ ಸಂತಾನ ಬೆಳೆಸಿದವು. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಈಗ ಕೆಂಪು ರಕ್ತಕಣವನ್ನು ಎಳೆದು ಎಷ್ಟು ಹಿಗ್ಗುತ್ತದೆ ಅಂತಲೂ ಅಳೆಯುತ್ತಾರೆ. ಮಲೇರಿಯಾ ತಗುಲಿದ ಕಣ ಗಡುಸಾಗಿರುತ್ತದೆ.

ಆಶ್ಕಿನ್‌ಗೆ ನೊಬೆಲ್ ಸಿಕ್ಕಿದ್ದು 2018ರಲ್ಲಿ, 96ರ ವಯಸ್ಸಿನಲ್ಲಿ. ತಡ ಅಂದ್ರೆ ತಡಾನೇ ಬಿಡಿ.