ಎರಡು ಪೆಟ್ಟಿಗೆಗಳ ನಡುವಿನ ಗೆರೆ

ಇಂದಿನ ವಿನ್ಯಾಸ ಪರಿಶೀಲನೆಯಲ್ಲಿ ತೆರೆಯ ಮೇಲಿದ್ದ ನಕ್ಷೆಯಲ್ಲಿ, ಎರಡು ಉಪವ್ಯವಸ್ಥೆಗಳನ್ನು ಜೋಡಿಸುವ ಒಂದು ಗೆರೆಯ ಮೇಲೆ ಏನನ್ನೂ ಬರೆದಿರಲಿಲ್ಲ. ಈ ಗೆರೆಯಲ್ಲಿ ಹರಿಯುವ ದತ್ತಾಂಶದ ಏಕಮಾನ ಯಾವುದು ಎಂದು ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರು ಕೇಳಿದಾಗ, ಎರಡು ತಂಡಗಳಿಂದ ಎರಡು ಬೇರೆ ಉತ್ತರಗಳು ಬಂದವು.

ಹತ್ತು ಭಾಗಗಳಿರುವ ವ್ಯವಸ್ಥೆಯಲ್ಲಿ ಹೆಚ್ಚೆಂದರೆ 45 ಜೋಡಿ ಸಂಬಂಧಗಳು, ಅಂದರೆ ಇಂಥ 45 ಗೆರೆಗಳು ಇರಬಹುದು. ಭಾಗಗಳು 100 ಆದರೆ ಆ ಸಂಖ್ಯೆ 4,950ಕ್ಕೆ ಏರುತ್ತದೆ. ನಾವು ಭಾಗಗಳನ್ನು ಎಣಿಸುತ್ತಾ ಕೂರುತ್ತೇವೆ, ಸಂಕೀರ್ಣತೆ ಅವುಗಳ ನಡುವೆ ಬೆಳೆಯುತ್ತಿರುತ್ತದೆ.

1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಂಗಳ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದು ಇಂಥದೇ ಗೆರೆಯಲ್ಲಿ. ಭೂಮಿಯ ಮೇಲಿನ ಒಂದು ತಂತ್ರಾಂಶ ನೌಕೆಯ ಥ್ರಸ್ಟರ್‌ಗಳ (ಸಣ್ಣ ರಾಕೆಟ್‌ಗಳ) ಇಂಪಲ್ಸ್ ಮೌಲ್ಯವನ್ನು, ಅಂದರೆ ತಳ್ಳುವ ಬಲ ಮತ್ತು ಅದು ಇದ್ದ ಸಮಯದ ಗುಣಲಬ್ಧವನ್ನು, ಪೌಂಡ್-ಸೆಕೆಂಡುಗಳಲ್ಲಿ ಕೊಡುತ್ತಿತ್ತು, ಅದನ್ನು ಬಳಸುವ ಕಡೆಯಲ್ಲಿ ಅದು ನ್ಯೂಟನ್-ಸೆಕೆಂಡು ಎಂದೇ ಭಾವಿಸಲಾಗಿತ್ತು, ಸುಮಾರು 4.45 ಪಟ್ಟಿನ ಆ ವ್ಯತ್ಯಾಸ ತಿಂಗಳುಗಟ್ಟಲೆ ಪಥದ ಲೆಕ್ಕದಲ್ಲಿ ಸೇರುತ್ತಾ ಹೋಗಿ, ನೌಕೆ ಮಂಗಳನಿಗೆ ತೀರಾ ಹತ್ತಿರ ಹಾದುಹೋಗುವಂತಾಯಿತು. ಎರಡೂ ಬದಿಯ ಲೆಕ್ಕಗಳು ತಮ್ಮಷ್ಟಕ್ಕೆ ಸರಿಯಾಗಿಯೇ ಇದ್ದವು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಆದ್ದರಿಂದಲೇ ಪ್ರತಿ ಗೆರೆಗೂ ಏಕಮಾನ, ಮೌಲ್ಯದ ವ್ಯಾಪ್ತಿ, ಸಮಯದ ಮಿತಿ, ಸಂವೇದಕ ಕೆಟ್ಟಾಗ ಬರಬೇಕಾದ ಸಂಕೇತ, ಇವುಗಳ ಜೊತೆಗೆ ಹೊಣೆ ಹೊತ್ತ ಒಬ್ಬರ ಹೆಸರೂ ಇರಲೇಬೇಕೆಂದು ನಾನು ಒತ್ತಾಯಿಸುತ್ತೇನೆ. ಇಬ್ಬರ ಹೆಸರಲ್ಲ, ಒಬ್ಬರದು. ಮಾದರಿ ರಚಿಸುವ ಹೊಸ ಉಪಕರಣಗಳು ನಿಜಕ್ಕೂ ನೆರವಾಗುತ್ತವೆ. ಆದರೆ ಕಡ್ಡಾಯ ನಿಯಮವೊಂದನ್ನು ನಾವೇ ಬರೆದಿಡದಿದ್ದರೆ, ಖಾಲಿ ಗೆರೆಯನ್ನೂ ಅವು ಅಷ್ಟೇ ಅಂದವಾಗಿ ಎಳೆದುಕೊಡುತ್ತವೆ.