ಕರೆಂಟು ಹೋದ ಮೇಲೆ ಕ್ಲೌಡ್ ಡ್ರೈವಿನ ಕ್ಯಾಶ್

13 ಜುಲೈ 2025, ಭಾನುವಾರ
ತೀರ್ಥಹಳ್ಳಿ

ಪುನರ್ವಸು ಮಳೆ, ಜೊತೆಗೆ ಗಾಳಿ. ಮಧ್ಯಾಹ್ನ ಹೋದ ಕರೆಂಟು ಸಂಜೆ ಬಂತು. ಬಂದು ಎರಡು ಸಲ ಮಿಣುಕಿ ಮತ್ತೆ ಹೋಯಿತು. ಡೆಸ್ಕ್‌ಟಾಪ್ ಹೀಗೆ ದಿಢೀರನೆ ಆಫ್ ಆದಾಗ ಕ್ಲೌಡ್ ಡ್ರೈವಿನ ಫೈಲುಗಳ ಗತಿಯೇನು ಎಂಬುದಷ್ಟೇ ಇವತ್ತಿನ ಟಿಪ್ಪಣಿ.

ಗೂಗಲ್ ಡ್ರೈವಿನ ಆಪ್ ಸ್ಟ್ರೀಮ್ ಮೋಡಿನಲ್ಲಿದ್ದರೆ (ಫೈಲುಗಳು ಕ್ಲೌಡಿನಲ್ಲೇ ಇದ್ದು, ಬೇಕಾದಾಗ ಇಳಿಯುವ ವಿಧಾನ) ವಿಂಡೋಸಿನಲ್ಲಿ ಸಾಮಾನ್ಯವಾಗಿ ‘ಜಿ’ ಡ್ರೈವ್ ಕಾಣಿಸುತ್ತದೆ. ಅದು ಬರೀ ತೋರಿಕೆ. ನಿಜವಾದ ಸರಕು ಇರುವುದು ಸಿ ಡ್ರೈವಿನಲ್ಲಿ, ಯೂಸರ್ ಫೋಲ್ಡರಿನ ಆಪ್‌ಡೇಟಾ, ಲೋಕಲ್, ಗೂಗಲ್ ದಾಟಿ ಒಳಗಿರುವ ‘ಡ್ರೈವ್‌ಎಫ್‌ಎಸ್’ ಫೋಲ್ಡರಿನಲ್ಲಿ. ಕಂಪ್ಯೂಟರಿನಲ್ಲೇ ಇರುವ ಈ ತಾತ್ಕಾಲಿಕ ಪ್ರತಿಗಳ ಸಂಗ್ರಹವೇ ಕ್ಯಾಶ್. ಅಲ್ಲಿ ಫೈಲಿಗೆ ನಾವಿಟ್ಟ ಹೆಸರಿರುವುದಿಲ್ಲ. ಯಾವ ತುಂಡು ಯಾವ ಫೈಲಿನದು, ಯಾವುದು ಇನ್ನೂ ಮೇಲೆ ಹೋಗಿಲ್ಲ ಎಂಬ ಲೆಕ್ಕವೆಲ್ಲ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ. ಅಡಿಕೆಯನ್ನು ಮಂಡಿಗೆ ಹಾಕಿದ ಕೂಡಲೇ ದುಡ್ಡು ಕೈಗೆ ಬಂದಂತಲ್ಲ. ‘ಸೇವ್’ ಒತ್ತಿದ್ದೂ ಅಷ್ಟೇ.

ಅಪ್‌ಲೋಡ್ ಮುಗಿದಿದ್ದರೆ ಚಿಂತೆಯಿಲ್ಲ. ಕ್ಯಾಶಿಗೆ ಬಿದ್ದು ಸರದಿಯಲ್ಲಿದ್ದರೆ, ಆಪ್ ಮತ್ತೆ ಶುರುವಾಗಿ ನೆಟ್ ಸಿಕ್ಕಾಗ ತಾನೇ ಮುಂದುವರಿಸುತ್ತದೆ. ತೊಂದರೆಯಾಗುವುದು ರ‍್ಯಾಮಿನಲ್ಲೇ ಉಳಿದ ಕೊನೆಯ ಕ್ಷಣಗಳ ಬರಹಕ್ಕೆ. ವಿಂಡೋಸಿನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಜರ್ನಲ್ (ಬದಲಾವಣೆಗಳ ದಾಖಲೆ) ಕಾಯುವುದು ಫೈಲ್ ವ್ಯವಸ್ಥೆಯ ಲೆಕ್ಕವನ್ನು ಮಾತ್ರ, ಫೈಲಿನ ಒಳಗಿನ ಡೇಟಾವನ್ನಲ್ಲ. ಹಾಗಾಗಿಯೇ ಕೆಲವು ಎಕ್ಸೆಲ್ ಫೈಲುಗಳ ಹೆಸರು, ಸೈಜು ಸರಿಯಿದ್ದರೂ ಒಳಗೆ ಬರೀ ಸೊನ್ನೆ ತುಂಬಿರುತ್ತದೆ. ಅಂಥದ್ದು ಅಪ್‌ಲೋಡ್ ಆಗಿಬಿಟ್ಟರೆ ವೆಬ್‌ಸೈಟಿನಲ್ಲಿ ‘ಮ್ಯಾನೇಜ್ ವರ್ಷನ್ಸ್’ ತೆರೆದು ಹಿಂದಿನ ಪ್ರತಿ ಹುಡುಕಬೇಕು.

ಕರೆಂಟು ಬಂದ ಮೇಲೆ ಜನ ಮಾಡುವ ಅನಾಹುತವೇ ಹೆಚ್ಚು. ಸಿಂಕ್ ನಿಂತಂತೆ ಕಂಡಿತೋ, ಅಕೌಂಟ್ ಡಿಸ್‌ಕನೆಕ್ಟ್ ಮಾಡುತ್ತಾರೆ, ಕ್ಯಾಶ್ ಅಳಿಸುತ್ತಾರೆ, ಆಪ್ ತೆಗೆದು ಮತ್ತೆ ಹಾಕುತ್ತಾರೆ. ಮೇಲೆ ಹೋಗದ ಫೈಲಿನ ಒಂದೇ ಪ್ರತಿ ಅಲ್ಲೇ ಇರುತ್ತದಲ್ಲ! 2023ರ ಕೊನೆಯಲ್ಲಿ ಆಪಿನ 84ನೇ ಆವೃತ್ತಿಯಲ್ಲಿ ಫೈಲುಗಳು ಕಾಣೆಯಾದಾಗ ಗೂಗಲ್ ಹೇಳಿದ್ದೂ ಇದನ್ನೇ: ಡಿಸ್‌ಕನೆಕ್ಟ್ ಒತ್ತಬೇಡಿ, ಆಪಿನ ಡೇಟಾ ಫೋಲ್ಡರ್ ಮುಟ್ಟಬೇಡಿ, ಜಾಗವಿದ್ದರೆ ಅದರ ನಕಲು ಇಟ್ಟುಕೊಳ್ಳಿ.

ಆದ್ದರಿಂದ ಮೊದಲು ವೈಫೈ ಆಫ್. ಟ್ರೇ ಐಕಾನಿನಿಂದ ಆಪ್ ಕ್ವಿಟ್. ಡ್ರೈವ್‌ಎಫ್‌ಎಸ್ ಫೋಲ್ಡರನ್ನು ಇಡಿಯಾಗಿ ಬೇರೆ ಡಿಸ್ಕಿಗೆ ಕಾಪಿ. ಹೆಸರಿನ ಕೊನೆಗೆ ‘ವಾಲ್’ (wal) ಎಂದಿರುವ ಫೈಲು ಕಸದಂತೆ ಕಂಡರೂ ಬಿಡಬಾರದು. ಡೇಟಾಬೇಸಿಗೆ ಇನ್ನೂ ಸೇರದ ಕೊನೆಯ ನಮೂದುಗಳು ಅದರಲ್ಲಿರುತ್ತವೆ. ಆಮೇಲೆ ನೆಟ್ ಹಾಕಿ, ಆಪ್ ತೆರೆದು, ಸರದಿ ಖಾಲಿಯಾಗುವವರೆಗೆ ಸುಮ್ಮನಿರಬೇಕು. ಈ ಸುಮ್ಮನಿರುವುದೇ ಕಷ್ಟ.

ಲಿನಕ್ಸಿನಲ್ಲಿ ಆರ್‌ಕ್ಲೋನ್ ಮೌಂಟ್ (ಕ್ಲೌಡನ್ನು ಫೋಲ್ಡರಿನಂತೆ ತೋರಿಸುವ ಸಾಧನ) ಬಳಸುವವರು ವಿಎಫ್‌ಎಸ್ ಕ್ಯಾಶ್ ಮೋಡ್, ಅಂದರೆ ಡಿಸ್ಕಿನಲ್ಲಿ ಏನೇನು ಪ್ರತಿ ಇಡಬೇಕೆಂಬ ಸೆಟ್ಟಿಂಗ್, ನೋಡಿಕೊಳ್ಳಬೇಕು. ಡಿಫಾಲ್ಟ್ ‘ಆಫ್’; ಆಗ ಡಿಸ್ಕಿನಲ್ಲಿ ಪ್ರತಿಯೇ ಇರುವುದಿಲ್ಲ. ‘ರೈಟ್ಸ್’ ಅಥವಾ ‘ಫುಲ್’ ಇಟ್ಟರೆ ಫೈಲು ಮುಚ್ಚಿದ 5 ಸೆಕೆಂಡಿಗೆ ಅಪ್‌ಲೋಡ್ ಶುರು. ನಡುವೆ ಮಷಿನ್ ಸತ್ತರೂ ಅವೇ ಫ್ಲ್ಯಾಗುಗಳೊಂದಿಗೆ (ಕಮಾಂಡಿಗೆ ಕೊಟ್ಟ ಆಯ್ಕೆಗಳು) ಮತ್ತೆ ಮೌಂಟ್ ಮಾಡಿದರೆ ಉಳಿದದ್ದು ಹೋಗುತ್ತದೆ. ರಿಮೋಟಿನ, ಅಂದರೆ ಆರ್‌ಕ್ಲೋನಿಗೆ ಜೋಡಿಸಿದ ಕ್ಲೌಡ್ ಖಾತೆಯ, ಹೆಸರನ್ನೋ ಕ್ಯಾಶ್ ಡೈರೆಕ್ಟರಿಯನ್ನೋ ಬದಲಿಸಿದರೆ ಹಳೆಯ ಸರದಿ ಅನಾಥ. ಕ್ಯಾಶನ್ನು ತಾತ್ಕಾಲಿಕ ಫೈಲುಗಳ ‘ಟಿಎಂಪಿ’ ಫೋಲ್ಡರಿನಲ್ಲಿ ಇಡಲೇಬಾರದು, ಹಲವು ಲಿನಕ್ಸ್ ಡಿಸ್ಟ್ರೋಗಳಲ್ಲಿ ಅದು ರ‍್ಯಾಮಿನಲ್ಲಿರುತ್ತದೆ. ಒಂದೇ ಕ್ಯಾಶಿನ ಮೇಲೆ, ಒಂದೇ ರಿಮೋಟಿಗೆ ಎರಡು ಆರ್‌ಕ್ಲೋನ್ ಓಡಿಸಿದರೆ ಡೇಟಾ ಕೆಡಬಹುದು.

ಮನೆಯ ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡಿನ ಸ್ವಿಚ್ ಇದ್ದರೆ ಅದನ್ನೇ ಹಾಕಿಡಿ. ನಾರ್ಮಲ್ ಮೋಡಿನಲ್ಲಿ ಕರೆಂಟು ಬದಲಾಗುವ ಹೊತ್ತಿಗೆ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ತೀರಾ ಇಳಿದಾಗ ‘ಹೈಬರ್ನೇಟ್’ ಆಗುವಂತೆ ಇಟ್ಟರೆ ರ‍್ಯಾಮಿನಲ್ಲಿದ್ದದ್ದೂ ಡಿಸ್ಕಿಗೆ ಹೋಗುತ್ತದೆ. ರೂಟರಿಗೆ ಪುಟ್ಟ 12 ವೋಲ್ಟ್ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ಅಡಾಪ್ಟರಿನ ಮೇಲಿನ ವೋಲ್ಟ್, ಆಂಪ್ ಎರಡನ್ನೂ ಓದಿ. ಫೈಬರಿನ ಡಬ್ಬ ಬೇರೆಯಿದ್ದರೆ ಅದಕ್ಕೂ ಬ್ಯಾಕಪ್ ಬೇಕು, ಇಲ್ಲದಿದ್ದರೆ ವೈಫೈ ಇದ್ದೂ ನೆಟ್ ಇರುವುದಿಲ್ಲ.